ಹೆಸರು ನಾಡಿನದು, ಆಟ ಯಾರದು?

ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಗೆ 2025ರ ಡಿಸೆಂಬರಿನಲ್ಲಿ ಚುನಾವಣೆ ನಡೆಯಿತು. ಭಾರತ ತಂಡದಲ್ಲಿ ವೇಗದ ಬೌಲರಾಗಿದ್ದ ವೆಂಕಟೇಶ್ ಪ್ರಸಾದ್ ಅಧ್ಯಕ್ಷರಾಗಿ ಆರಿಸಿ ಬಂದರು. ರಾಜಧಾನಿಯಲ್ಲಿ ಈ ಚುನಾವಣೆಯ ಬಗ್ಗೆ ಬಹಳ ಮಾತು ನಡೆಯಿತು: ಯಾವ ಬಣ ಗೆದ್ದಿತು, ಯಾವ ಬಣ ಸೋತಿತು, ದೊಡ್ಡ ಪಂದ್ಯಗಳು ಬೆಂಗಳೂರಿಗೆ ಮರಳಿ ಬರುವವೇ ಇಲ್ಲವೇ ಎಂದು. ಮಾತು ನಡೆಯಲಿ, ತಪ್ಪಲ್ಲ. ಆದರೆ ಕೃಷ್ಣೆಯ ದಂಡೆಯ ಮೇಲಿರುವ ತಂಗಡಗಿಯಲ್ಲಿ ನಿಂತು ನೋಡಿದರೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ನಾಡಿನ ಹೆಸರನ್ನು ಹೊತ್ತುಕೊಂಡಿರುವ ಈ ಸಂಸ್ಥೆ ನಮ್ಮದೂ ಹೌದೇ? ಹೌದಾದರೆ ಅದು ನಮಗೆ ಏನು ಕೊಡಬೇಕು? ನಾವು ಅದರಿಂದ ಏನು ಕೇಳಿ ಪಡೆಯಬೇಕು?

ಗಿರಣಿಯಲ್ಲಿ ದುಡಿಯುವವರು, ಬಜಾರದಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡವರು ಈ ಪ್ರಶ್ನೆಯನ್ನು ಕೇಳಿ ನಕ್ಕುಬಿಡಬಹುದು. ಪಗಾರ ಸಾಲದು, ಉದ್ರಿ ವಸೂಲಾಗದು, ಇದರ ನಡುವೆ ಕ್ರಿಕೆಟ್ಟಿನ ಚಿಂತೆ ಯಾಕೆ? ಅದು ಇಂಗ್ಲಿಷರು ಬಿಟ್ಟುಹೋದ ಆಟ, ರೊಕ್ಕವಿದ್ದವರ ಆಟ ಎನ್ನಬಹುದು. ಒಂದು ಕಾಲಕ್ಕೆ ಅದು ನಿಜವಾಗಿತ್ತು. ಮಹಾರಾಜರು, ನವಾಬರು, ದೊಡ್ಡ ಅಧಿಕಾರಿಗಳು ಬಿಳಿ ಚಡ್ಡಿ ಅಂಗಿ ತೊಟ್ಟು ಆಡಿದ ಆಟ ಅದು. ಇಂದು ಆ ಮಾತು ನಡೆಯದು. ಸುಗ್ಗಿ ಮುಗಿದು ತೊಗರಿ ಕಟ್ಟಿಗೆ ಕಿತ್ತ ಹೊಲದಲ್ಲಿ, ಸಾಲೆಯ ಬಯಲಿನಲ್ಲಿ, ಸಂತೆಯಿಲ್ಲದ ದಿನ ಸಂತೆಯ ಕಟ್ಟೆಯ ಬದಿಯಲ್ಲಿ ನಮ್ಮ ಮಕ್ಕಳು ಆಡುತ್ತಿರುವ ಆಟ ಇದೇ. ಮೂರು ಕಟ್ಟಿಗೆ ನೆಟ್ಟು, ಟೆನಿಸ್ ಚೆಂಡು ಹಿಡಿದು, ಕತ್ತಲಾಗುವ ತನಕ ಆಡುತ್ತಾರೆ. ಬೇಳೆ ಗಿರಣಿಯಲ್ಲಿ ರಾತ್ರಿ ಪಾಳಿಗೆ ಹೋಗುವವನೂ ಫೋನಿನಲ್ಲಿ ಸ್ಕೋರು ನೋಡಿಯೇ ಒಳಗೆ ಹೋಗುತ್ತಾನೆ.

ಈ ನೋಟಕ್ಕೆ ಬೆಲೆ ಕಟ್ಟಿದವರು ಇದ್ದಾರೆ. 2023ರಿಂದ 2027ರವರೆಗಿನ ಐದು ವರ್ಷಗಳ ಐ.ಪಿ.ಎಲ್. ಪಂದ್ಯಗಳ ಪ್ರಸಾರದ ಹಕ್ಕನ್ನು ಭಾರತೀಯ ಕ್ರಿಕೆಟ್ ಮಂಡಳಿ 48,390 ಕೋಟಿ ರೂಪಾಯಿಗೆ ಮಾರಿತು. ಕೊಂಡ ಕಂಪನಿಗಳು ಅಷ್ಟು ಹಣವನ್ನು ದಾನವಾಗಿ ಕೊಡಲಿಲ್ಲ. ಜಾಹೀರಾತಿನಿಂದಲೂ ಚಂದಾದಿಂದಲೂ ಅದನ್ನು ಎತ್ತಬೇಕು. ಜಾಹೀರಾತು ಕೊಟ್ಟವನು ಅದರ ಖರ್ಚನ್ನು ಸಾಬೂನು, ಚಹಾಪುಡಿ, ತಂಪು ಪಾನೀಯದ ಬೆಲೆಯಲ್ಲಿ ಸೇರಿಸುತ್ತಾನೆ. ಅಂಗಡಿಯವರಿಗೆ ಈ ಲೆಕ್ಕವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಪಂದ್ಯ ನೋಡದವನೂ ಸಾಬೂನು ಕೊಂಡಾಗ ಕ್ರಿಕೆಟ್ಟಿಗೆ ತನ್ನ ಪಾಲು ಸಲ್ಲಿಸುತ್ತಾನೆ. ಮಂಡಳಿಯ ಗಳಿಕೆಯಲ್ಲಿ ಒಂದು ಭಾಗ ರಾಜ್ಯ ಸಂಸ್ಥೆಗಳಿಗೆ ಹಂಚಿಕೆಯಾಗುತ್ತದೆ. ಆದ್ದರಿಂದ ರಾಜ್ಯ ಸಂಸ್ಥೆಯನ್ನು ಪ್ರಶ್ನೆ ಕೇಳುವುದು ಉಪಕಾರ ಬೇಡಿದಂತಲ್ಲ. ರೊಕ್ಕ ಹಾಕಿದವನು ವಹಿವಾಟಿನ ಲೆಕ್ಕ ಕೇಳಿದಂತೆ.

ಸಂಸ್ಥೆ ಬೆಳೆದ ಬಗೆ

ಮೊದಲು ಸಲ್ಲಬೇಕಾದ ಮರ್ಯಾದೆ ಸಲ್ಲಲಿ. ಈ ಸಂಸ್ಥೆ ಹುಟ್ಟಿದ್ದು 1933ರಲ್ಲಿ, ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಎಂಬ ಹೆಸರಿನಲ್ಲಿ. ಮರುವರ್ಷ, 1934ರ ನವೆಂಬರ್ 4ರಂದು, ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ಮದರಾಸಿನ ಚೆಪಾಕಿನಲ್ಲಿ ನಡೆಯಿತು. ಆಡಿದವು ಮದರಾಸು ಮತ್ತು ಮೈಸೂರು ತಂಡಗಳು. ಪಂದ್ಯ ಒಂದೇ ದಿನದಲ್ಲಿ ಮುಗಿದು ಮೈಸೂರು ಸೋತಿತು. ಅಂಥ ಆರಂಭದಿಂದ ಎದ್ದ ತಂಡ 1941-42ರಲ್ಲಿ ಫೈನಲ್ಲಿಗೆ ಹೋಗಿ ಮುಂಬಯಿಗೆ ಸೋತಿತು. 1958-59ರಿಂದ ಹದಿನೈದು ವರ್ಷ ಸತತವಾಗಿ ಮುಂಬಯಿಯದೇ ರಾಜ್ಯಭಾರ. ಅದನ್ನು 1974ರಲ್ಲಿ ಬೆಂಗಳೂರಿನ ಸೆಮಿಫೈನಲಿನಲ್ಲಿ ಮುರಿದವರು ಪ್ರಸನ್ನರ ನಾಯಕತ್ವದ ನಮ್ಮ ಹುಡುಗರು. ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕಪ್ಪು ತಂದರು. 2014-15ರ ವೇಳೆಗೆ ಒಟ್ಟು ಎಂಟು ಸಲ ರಣಜಿ ಟ್ರೋಫಿ ಕರ್ನಾಟಕಕ್ಕೆ ಬಂದಿತು. ಭದ್ರಾವತಿಯಲ್ಲಿ ಹುಟ್ಟಿದ ವಿಶ್ವನಾಥ್, ಪೋಲಿಯೋದಿಂದ ಸೊರಗಿದ ತೋಳಿನಿಂದಲೇ ದೊಡ್ಡ ದೊಡ್ಡ ದಾಂಡಿಗರನ್ನು ಕೆಡವಿದ ಮೈಸೂರಿನ ಚಂದ್ರಶೇಖರ್, ಮುಂದೆ ಕುಂಬ್ಳೆ, ಶ್ರೀನಾಥ್, ದ್ರಾವಿಡ್ ಎಲ್ಲರೂ ಈ ಸಂಸ್ಥೆಯ ಅಂಗಳದಲ್ಲಿ ಬೆಳೆದವರು. ವಕೀಲರಾಗಿದ್ದ ಎಂ. ಚಿನ್ನಸ್ವಾಮಿಯವರು ದಶಕಗಳ ಕಾಲ ಇದಕ್ಕಾಗಿ ದುಡಿದರು. 1974ರ ನವೆಂಬರಿನಲ್ಲಿ ಮೊದಲ ಟೆಸ್ಟ್ ಪಂದ್ಯ ಕಂಡ ಕ್ರೀಡಾಂಗಣಕ್ಕೆ ಅವರ ಹೆಸರು ಬಂದಿರುವುದು ನ್ಯಾಯವಾಗಿಯೇ ಇದೆ.

ಆದರೆ ಒಂದು ಸಂಗತಿಯನ್ನು ನೆನಪಿಡಬೇಕು. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಅಂದು ಕನ್ನಡಿಗರೆಲ್ಲ ಒಂದು ರಾಜ್ಯಕ್ಕೆ ಬಂದೆವು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಾಗ ಕ್ರಿಕೆಟ್ ಸಂಸ್ಥೆಯೂ ತನ್ನ ಹೆಸರು ಬದಲಿಸಿಕೊಂಡಿತು. ಮೈಸೂರು ಎಂಬ ಹೆಸರಿದ್ದಾಗ ಬೆಂಗಳೂರು ಮೈಸೂರುಗಳ ಕ್ಲಬ್ಬುಗಳನ್ನು ನೋಡಿಕೊಂಡರೆ ಸಾಕೆಂದು ವಾದಿಸಲು ಸ್ಥಳವಿತ್ತೇನೋ. ಕರ್ನಾಟಕ ಎಂಬ ಹೆಸರನ್ನು ಹೊತ್ತ ದಿನವೇ ಬೀದರದಿಂದ ಚಾಮರಾಜನಗರದ ತನಕ ಎಲ್ಲ ಮಕ್ಕಳ ಹೊಣೆಯೂ ಅದರ ಹೆಗಲಿಗೆ ಬಂತು. ಹೆಸರನ್ನು ಬೋರ್ಡಿಗೆ ಬರೆಸಿದರೆ ಸಾಲದು. ಅದರ ಹಿಂದೆ ಬರುವ ಸಾಲವನ್ನೂ ತೀರಿಸಬೇಕು.

ಗದಗಿಗೆ ರೈಲಿತ್ತು

ಸಾಲ ಎಷ್ಟು ತೀರಿದೆ? ಗದಗಿನ ಸುನಿಲ್ ಜೋಶಿಯವರ ಕಥೆಯನ್ನು ಕ್ರಿಕೆಟ್ ಬಲ್ಲವರೆಲ್ಲ ಹೇಳುತ್ತಾರೆ. ಬಾಲಕನಾಗಿದ್ದಾಗ ಅವರು ದಿನಾ ಬೆಳಗಿನ ಜಾವ ಸುಮಾರು ನಲವತ್ತು ಮೈಲು ದೂರದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಸಾಲೆಯ ಹೊತ್ತಿಗೆ ಮರಳಿ ಗದಗಿಗೆ ಬರುತ್ತಿದ್ದರು. ಮುಂದೆ 1996ರಲ್ಲಿ ಭಾರತಕ್ಕೆ ಟೆಸ್ಟ್ ಆಡಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಮೇಲೆ ಹತ್ತು ಓವರಿನಲ್ಲಿ ಆರು ರನ್ ಕೊಟ್ಟು ಐದು ವಿಕೆಟ್ ಕಿತ್ತರು. ದಾವಣಗೆರೆಯ ಆಟೋರಿಕ್ಷಾ ಚಾಲಕರ ಮಗ ವಿನಯ್ ಕುಮಾರ್ 2013-14 ಮತ್ತು 2014-15ರಲ್ಲಿ ಎರಡು ವರ್ಷ ಸಾಲಾಗಿ ರಣಜಿ ಗೆದ್ದ ಕರ್ನಾಟಕ ತಂಡದ ನಾಯಕರಾದರು. ಇವರ ಛಲಕ್ಕೆ ನಾವು ತಲೆಬಾಗುತ್ತೇವೆ.

ಆದರೆ ಈ ಕಥೆಗಳನ್ನು ಹೇಳುವವರು ಅದರಿಂದ ತಪ್ಪು ಪಾಠ ಕಲಿಸುತ್ತಾರೆ. ಛಲವಿದ್ದರೆ ಹಳ್ಳಿಯ ಹುಡುಗನೂ ಮೇಲೆ ಬರುತ್ತಾನೆ, ನೋಡಿರಿ ಎನ್ನುತ್ತಾರೆ. ಗದಗಿಗೆ ರೈಲಿತ್ತು ಎಂಬುದನ್ನು ಮರೆಯುತ್ತಾರೆ. ಮುದ್ದೇಬಿಹಾಳ ಪಟ್ಟಣಕ್ಕೆ ಇಂದಿಗೂ ರೈಲಿಲ್ಲ. ತಂಗಡಗಿಯ ಹುಡುಗ ಬೆಳಗಿನ ಜಾವ ಎದ್ದು ಎಲ್ಲಿಗೆ ಹೋಗಬೇಕು? ಮುದ್ದೇಬಿಹಾಳಕ್ಕೆ ಬಸ್ಸು, ಅಲ್ಲಿಂದ ವಿಜಯಪುರಕ್ಕೆ ಬಸ್ಸು, ಆಯ್ಕೆಯ ಶಿಬಿರ ಹುಬ್ಬಳ್ಳಿಯಲ್ಲೋ ರಾಯಚೂರಿನಲ್ಲೋ ಇದ್ದರೆ ಮತ್ತೊಂದು ಬಸ್ಸು. ಜತೆಗೆ ತಂದೆಯೋ ಅಣ್ಣನೋ ಹೋಗಬೇಕು. ಅವರ ಒಂದು ದಿನದ ಕೂಲಿ ಹೋಯಿತು. ಮೂರು ದಿನದ ಶಿಬಿರವೆಂದರೆ ಮೂರು ದಿನದ ಕೂಲಿ, ಊಟ, ವಸತಿ. ಈ ತಾಲ್ಲೂಕಿನ ಎಷ್ಟೋ ಮನೆಗಳವರು ದುಡಿಮೆ ಹುಡುಕಿಕೊಂಡು ಗೋವೆಗೂ ಮಂಗಳೂರಿಗೂ ಗುಳೆ ಹೋಗುವವರು. ಅಂಥ ಮನೆಯ ಹುಡುಗನ ತೋಳಿನಲ್ಲಿ ಎಷ್ಟೇ ಶಕ್ತಿಯಿದ್ದರೂ ಅದು ಆಯ್ಕೆಗಾರರ ಕಣ್ಣಿಗೆ ಬೀಳುವುದಿಲ್ಲ. ಒಬ್ಬ ಜೋಶಿ ದಾಟಿ ಬಂದನೆಂದರೆ ದಾರಿ ಇದೆಯೆಂದಲ್ಲ. ದಾಟಲಾರದೆ ಉಳಿದವರ ಲೆಕ್ಕವನ್ನು ಯಾರೂ ಇಟ್ಟಿಲ್ಲವೆಂದು ಅರ್ಥ.

ಹೆಣ್ಣುಮಕ್ಕಳ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಭಾರತದ ಮಹಿಳೆಯರು ಮೊದಲ ಟೆಸ್ಟ್ ಪಂದ್ಯ ಆಡಿದ್ದು ಬೆಂಗಳೂರಿನಲ್ಲಿಯೇ, 1976ರ ಅಕ್ಟೋಬರ್ 31ರಂದು ಆರಂಭವಾದ ಪಂದ್ಯದಲ್ಲಿ. ನಾಯಕಿ ನಮ್ಮವರೇ ಆದ ಶಾಂತಾ ರಂಗಸ್ವಾಮಿ. ಆದರೂ ಮಹಿಳಾ ಕ್ರಿಕೆಟ್ಟು ಭಾರತೀಯ ಮಂಡಳಿಯ ಆಶ್ರಯಕ್ಕೆ ಬಂದದ್ದು 2006ರಲ್ಲಿ, ಮೂವತ್ತು ವರ್ಷಗಳ ನಂತರ. ನಮ್ಮ ವಿಜಯಪುರದ ಮಾಸ್ತರರೊಬ್ಬರ ಮಗಳು ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ಮೇಲೆ 15 ರನ್ನಿಗೆ 5 ವಿಕೆಟ್ ಪಡೆದಳು. ಎದುರಾಳಿ ತಂಡ 79ಕ್ಕೆ ಉರುಳಿತು. ಭಾರತ ಲಾರ್ಡ್ಸಿನ ಫೈನಲ್ ತಲುಪಿ ಒಂಬತ್ತು ರನ್ನಿನಿಂದ ಸೋತಿತು. ಊರಿಗೆ ಬಂದಾಗ ಸನ್ಮಾನ ನಡೆಯಿತು. ಕಾರು ಕೊಡುತ್ತೇವೆಂದಾಗ, ನನಗೆ ಕಾರಿಗಿಂತ ಮನೆ ಬೇಕೆಂದು ಆಕೆ ಹೇಳಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ವಿಶ್ವಕಪ್ ಆಡಿ ಬಂದ ಮಗಳು ಮೊದಲು ಕೇಳಿದ್ದು ತಲೆಯ ಮೇಲೊಂದು ಸೂರು! ಹಾರ ತುರಾಯಿ ಹಾಕುವವರಿಗೆ ಇದರಲ್ಲಿ ಒಂದು ಪಾಠವಿದೆ. ಗೆದ್ದ ಮೇಲೆ ಬರುವ ಸನ್ಮಾನಕ್ಕಿಂತ, ಗೆಲ್ಲುವ ಮೊದಲು ಬೇಕಾದ ಆಸರೆ ದೊಡ್ಡದು.

ಇಪ್ಪತ್ತೆರಡು ಗಜದ ಲೆಕ್ಕ

ಇಷ್ಟೆಲ್ಲ ಊರುಗಳಿಗೆ ಕ್ರೀಡಾಂಗಣ ಕಟ್ಟಲು ಸಾಧ್ಯವೇ ಎಂದು ಕೇಳುವವರಿದ್ದಾರೆ. ಕ್ರೀಡಾಂಗಣವನ್ನು ಯಾರೂ ಕೇಳುತ್ತಿಲ್ಲ. ಸಂಸ್ಥೆ ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗಗಳಲ್ಲಿ ಒಳ್ಳೆಯ ಮೈದಾನಗಳನ್ನು ಮಾಡಿರುವುದನ್ನು ನಾವು ಬಲ್ಲೆವು, ಮೆಚ್ಚುತ್ತೇವೆ. ಬೆಳಗಾವಿಯಲ್ಲಿ 2019ರಲ್ಲಿ ಭಾರತದ ಮತ್ತು ಶ್ರೀಲಂಕೆಯ ಎ ತಂಡಗಳು ಆಡಿದವು. ಆದರೆ ತಾಲ್ಲೂಕಿನ ಮಟ್ಟದಲ್ಲಿ ಬೇಕಾದದ್ದು ಗ್ಯಾಲರಿಯಲ್ಲ, ಪಿಚ್ಚು. ಪಿಚ್ಚಿನ ಉದ್ದ 22 ಗಜ, ಅಂದರೆ 66 ಅಡಿ. ಅಗಲ ಹತ್ತು ಅಡಿ. ಅಷ್ಟು ನೆಲಕ್ಕೆ ಕಾಂಕ್ರೀಟು ಹಾಕಿ, ಮೇಲೆ ತೆಂಗಿನ ನಾರಿನ ಚಾಪೆ ಹಾಸಿ, ಸುತ್ತ ಬಲೆ ಕಟ್ಟಿದರೆ ಅಭ್ಯಾಸಕ್ಕೆ ಸಾಕು. ಇದು ಬಡವರಿಗಾಗಿ ಕಂಡುಹಿಡಿದ ಕೀಳು ಪದ್ಧತಿಯಲ್ಲ. ಬೆಂಗಳೂರಿನ ಲೀಗ್ ಪಂದ್ಯಗಳೇ ಬಹುಕಾಲ ಚಾಪೆಯ ಮೇಲೆ ನಡೆದವು. ವಿಶ್ವನಾಥರ ಹೊಡೆತದ ಅಂದವೂ ನಮ್ಮ ಸ್ಪಿನ್ನರುಗಳ ಕೈಚಳಕವೂ ಪಳಗಿದ್ದು ಆ ಚಾಪೆಯ ಮೇಲೆಯೇ.

ಟೆನಿಸ್ ಚೆಂಡಿನಿಂದ ತೊಗಲಿನ ಚೆಂಡಿಗೆ ದಾಟುವುದೇ ಹಳ್ಳಿಯ ಹುಡುಗನಿಗೆ ದೊಡ್ಡ ಹೊಳೆ. ಬೇಸಿಗೆಯಲ್ಲಿ ಬಿರುಕು ಬಿಡುವ ಎರೆ ಹೊಲದಲ್ಲಿ ತೊಗಲಿನ ಚೆಂಡು ಹಿಡಿದು ಆಡಿದರೆ ಹಲ್ಲು ಉಳಿಯುವುದಿಲ್ಲ. ಕಾಲಿಗೆ ಪ್ಯಾಡು, ಕೈಗೆ ಗ್ಲೌಸು, ತಲೆಗೆ ಹೆಲ್ಮೆಟ್ಟು ಬೇಕು. ಒಬ್ಬ ಗಿರಣಿ ಕೂಲಿಕಾರನ ಪಗಾರದಲ್ಲಿ ಇವೆಲ್ಲ ಬರುವುದಿಲ್ಲ. ಆದರೆ ಇಡೀ ತಂಡಕ್ಕೆ ಮೂರು ನಾಲ್ಕು ಜೊತೆ ಸಾಕು. ಆಡುವವರು ಇಬ್ಬರು, ಕಾಯುವವರು ಇಬ್ಬರು. ತಾಲ್ಲೂಕಿಗೆ ಒಂದು ಚಾಪೆಯ ಪಿಚ್ಚು, ಒಂದು ಪೆಟ್ಟಿಗೆ ಸಾಮಾನು, ವಾರಕ್ಕೆ ಎರಡು ದಿನ ಬಂದು ಹೋಗುವ ಒಬ್ಬ ತರಬೇತುದಾರ. ಕೋಟಿಗಳ ವ್ಯವಹಾರ ಮಾಡುವ ಸಂಸ್ಥೆಗೆ ಇದು ಭಾರವೇ? ಭಾರವಲ್ಲವೆಂದಾದರೆ ಇಷ್ಟು ವರ್ಷ ಆಗದಿರಲು ಕಾರಣ ಹಣದ ಕೊರತೆಯಲ್ಲ, ಮನಸ್ಸಿನ ಕೊರತೆ.

ಹೆಸರು ಬಂತು, ಆಟ ಬರಲಿಲ್ಲ

ಮನಸ್ಸು ಎಲ್ಲಿತ್ತು ಎಂಬುದಕ್ಕೆ ಒಂದು ನಿದರ್ಶನ ಕೊಡುತ್ತೇವೆ. ಸಂಸ್ಥೆ 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಎಂಬ ಪಂದ್ಯಾವಳಿ ಆರಂಭಿಸಿತು. ಜಿಲ್ಲೆಗಳ ಹೆಸರಿನ ತಂಡಗಳನ್ನು ಹಣವಂತರು ಕೊಂಡರು. ಅದರಲ್ಲಿ ಬಿಜಾಪುರ ಬುಲ್ಸ್ ಎಂಬ ತಂಡವೂ ಇತ್ತು. 2015ರಲ್ಲಿ ಆ ತಂಡ ಕಪ್ಪು ಗೆದ್ದಿತು, 2018ರಲ್ಲಿ ಮತ್ತೆ ಗೆದ್ದಿತು. ನಮ್ಮ ಬಜಾರದಲ್ಲಿಯೂ ಪಟಾಕಿ ಹಾರಿಸಿದವರಿದ್ದರು. ಆದರೆ ಪಂದ್ಯಗಳು ನಡೆದದ್ದು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ. ನಮ್ಮ ಜಿಲ್ಲೆಯ ಹೆಸರು ಹರಾಜಿಗೆ ಬಂತು, ಆಟ ಜಿಲ್ಲೆಗೆ ಬರಲಿಲ್ಲ. ತೊಗರಿ ನಮ್ಮದು, ಚೀಲದ ಮೇಲಿನ ಮುದ್ರೆ ನಮ್ಮೂರಿನದು, ಲಾಭ ಬೇರೆಯವರದು ಎಂಬಂತಾಯಿತು.

2019ರಲ್ಲಿ ಅದೇ ಲೀಗಿನಲ್ಲಿ ಪಂದ್ಯಗಳನ್ನು ಕಾಸಿಗೆ ಮಾರಿದ ಆರೋಪ ಎದ್ದಿತು. ಬೆಂಗಳೂರು ಪೊಲೀಸರು ಒಬ್ಬ ತಂಡದ ಮಾಲೀಕನನ್ನೂ ಕೆಲವು ಆಟಗಾರರನ್ನೂ ಬಂಧಿಸಿದರು. ಲೀಗು ನಿಂತಿತು. 2022ರಲ್ಲಿ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಲ್ಲಿ ಪಂದ್ಯಾವಳಿ ಮತ್ತೆ ಆರಂಭವಾಯಿತು. ಆರೋಪಿಗಳ ತಪ್ಪು ಒಪ್ಪುಗಳನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಆದರೆ ಆಟವನ್ನು ಸಂತೆಯ ಸರಕು ಮಾಡಿದರೆ ಸಂತೆಯ ಕಳ್ಳರೂ ಅದರ ಹಿಂದೆ ಬರುತ್ತಾರೆಂಬುದನ್ನು ಆಡಳಿತಗಾರರು ಮೊದಲೇ ತಿಳಿಯಬೇಕಾಗಿತ್ತು. ಬಾಜಿಯ ಚಟಕ್ಕೆ ಬಿದ್ದು ಅಂಗಡಿಯ ಬಂಡವಾಳ ಕಳೆದುಕೊಂಡವರು, ಫೋನಿನ ಆಟದಲ್ಲಿ ಪಗಾರ ಸುಟ್ಟವರು ನಮ್ಮ ನಡುವೆಯೇ ಇದ್ದಾರೆ. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಿತು. ಅಲ್ಲಿಯವರೆಗೆ ಅಂಥದೇ ಒಂದು ಕಂಪನಿಯ ಹೆಸರು ಭಾರತ ತಂಡದ ಅಂಗಿಯ ಎದೆಯ ಮೇಲಿತ್ತು! ಮೌಲ್ಯಗಳ ಮಾತಾಡುವವರು ಮೊದಲು ಎದೆ ಮುಟ್ಟಿ ನೋಡಿಕೊಳ್ಳಲಿ.

ಬಾಗಿಲ ಹೊರಗೆ ಸತ್ತವರು

ಇನ್ನು 2025ರ ಜೂನ್ 4ರ ದುರಂತ. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಬೆಂಗಳೂರಿನ ಐ.ಪಿ.ಎಲ್. ತಂಡ ಮೊದಲ ಸಲ ಕಪ್ಪು ಗೆದ್ದಿತ್ತು. ಮರುದಿನವೇ ಮೆರವಣಿಗೆ, ಸನ್ಮಾನ ಎಂದರು. ಸುಮಾರು ಮೂವತ್ತೈದು ಸಾವಿರ ಜನ ಹಿಡಿಯುವ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನ ಸೇರಿದರು. ಬಾಗಿಲುಗಳ ಬಳಿ ನೂಕುನುಗ್ಗಲಾಗಿ 11 ಜನ ಸತ್ತರು. ಐವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ಎಳೆಯ ವಯಸ್ಸಿನವರು. ಹೊರಗೆ ಹೆಣ ಬಿದ್ದಾಗ ಒಳಗೆ ಸನ್ಮಾನ ನಡೆಯುತ್ತಿತ್ತು.

ಸಂಸ್ಥೆಯ ಆಗಿನ ಕಾರ್ಯದರ್ಶಿ ಮತ್ತು ಖಜಾಂಚಿ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಸರಕಾರ ಪೊಲೀಸ್ ಅಧಿಕಾರಿಗಳನ್ನು ಅಮಾನತು ಮಾಡಿತು. ತನಿಖೆ ನಡೆಸಿದ ನಿವೃತ್ತ ನ್ಯಾಯಮೂರ್ತಿ ಮೈಕೆಲ್ ಡಿ'ಕುನ್ಹಾ ಆಯೋಗ, ಈ ಕ್ರೀಡಾಂಗಣ ದೊಡ್ಡ ಜನಸಂದಣಿಯ ಸಮಾರಂಭಗಳಿಗೆ ತಕ್ಕುದಲ್ಲವೆಂದು ವರದಿ ಕೊಟ್ಟಿತು. ಮಹಿಳಾ ವಿಶ್ವಕಪ್ಪಿನಲ್ಲಿ ಬೆಂಗಳೂರಿಗೆ ಗೊತ್ತಾಗಿದ್ದ ಪಂದ್ಯಗಳು ನವಿ ಮುಂಬಯಿಗೆ ಹೋದವು. ನವೆಂಬರ್ 2ರಂದು ಭಾರತದ ಹೆಣ್ಣುಮಕ್ಕಳು ವಿಶ್ವಕಪ್ ಗೆದ್ದದ್ದು ಅಲ್ಲಿಯೇ. ಇವೆಲ್ಲ ನಡೆದುಹೋದ ಸಂಗತಿಗಳು. ನಮ್ಮನ್ನು ಕಾಡುವುದು ಇನ್ನೊಂದು. ಬಾಗಿಲುಗಳ ಮತ್ತು ಜನಸಂದಣಿಯ ನಿರ್ವಹಣೆ ತನ್ನ ಹೊಣೆಯಲ್ಲವೆಂಬುದು ಹೈಕೋರ್ಟಿನ ಮುಂದೆ ಸಂಸ್ಥೆ ಹೂಡಿದ ವಾದಗಳಲ್ಲಿ ಒಂದಾಗಿತ್ತು.

ಗಿರಣಿ ಕಾರ್ಮಿಕರಿಗೆ ಈ ವಾದ ಹೊಸದಲ್ಲ. ಯಂತ್ರಕ್ಕೆ ಕೈ ಸಿಕ್ಕಾಗ, ಗೋದಾಮಿಗೆ ಬೆಂಕಿ ಬಿದ್ದಾಗ, ಕೆಲಸ ಗುತ್ತಿಗೆದಾರನದು, ನನ್ನದಲ್ಲ ಎಂದು ಧಣಿ ಹೇಳುವುದನ್ನು ಅವರು ಕೇಳಿದ್ದಾರೆ. ಆ ಮಾತನ್ನು ಮುರಿಯಲೆಂದೇ 1948ರ ಕಾರ್ಖಾನೆ ಕಾಯಿದೆಯಲ್ಲಿ, ಕಾರ್ಖಾನೆಯ ಮೇಲೆ ಕೊನೆಯ ಹತೋಟಿ ಯಾರದೋ ಅವನನ್ನೇ ಹೊಣೆ ಹಿಡಿಯುವ ನಿಯಮ ಬಂತು. ಆ ನ್ಯಾಯ ಆಟದ ಮನೆಗೂ ಸಲ್ಲಬೇಕು. ಕಾನೂನಿನಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಕೋರ್ಟು ಹೇಳಲಿ. ಆದರೆ ಮನೆಯ ಯಜಮಾನ ತನ್ನ ಹೊಸ್ತಿಲಲ್ಲಿ ಬಿದ್ದ ಹೆಣಕ್ಕೆ ಸಂಬಂಧವಿಲ್ಲವೆಂದರೆ ಊರು ಒಪ್ಪುವುದಿಲ್ಲ. ಟಿಕೆಟು ಕೊಂಡು ಒಳಗೆ ಕೂತವನಷ್ಟೇ ಪ್ರೇಕ್ಷಕನಲ್ಲ. ಟಿಕೆಟಿಗೆ ರೊಕ್ಕ ಸಾಲದೆ ಬಾಗಿಲ ಹೊರಗೆ ನಿಂತವನೂ ಈ ಆಟದ ಒಡೆಯನೇ. ಸಂಸ್ಥೆಯ ಮೌಲ್ಯಗಳ ಮೊದಲ ಸಾಲು ಅವನ ಜೀವದ ಬೆಲೆಯಾಗಿರಬೇಕು.

ಲೆಕ್ಕ ಯಾರಿಗೆ ಕೊಡಬೇಕು?

ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಸಂಘಗಳ ನೋಂದಣಿ ಕಾಯಿದೆಯ ಕೆಳಗೆ ನೋಂದಾಯಿತವಾದ ಒಂದು ಸಂಘ. ಮುದ್ದೇಬಿಹಾಳದ ಒಂದು ಯುವಕ ಸಂಘ, ಒಂದು ಭಜನಾ ಸಂಘ ನೋಂದಣಿಯಾಗುವುದೂ ಅದೇ ಕಾಯಿದೆಯಲ್ಲಿ. ಮತ ಹಾಕುವವರು ಅದರ ಸದಸ್ಯರು ಮತ್ತು ಸದಸ್ಯ ಕ್ಲಬ್ಬುಗಳ ಪ್ರತಿನಿಧಿಗಳು. ಹೊರಗಿನವರು ಕೇಳಿದರೆ, ನಾವು ಸದಸ್ಯರಿಗೆ ಲೆಕ್ಕ ಕೊಡುತ್ತೇವೆ, ನಿಮಗಲ್ಲ ಎನ್ನಬಹುದು. ಖಾಸಗಿ ಕ್ಲಬ್ಬಾಗಿದ್ದರೆ ಆ ಉತ್ತರ ಸರಿ. ಆದರೆ ಒಂದು ಖಾಸಗಿ ಕ್ಲಬ್ಬು ರಾಜ್ಯದ ತಂಡವನ್ನು ಆರಿಸಬಹುದೇ? ಕಬ್ಬನ್ ಪಾರ್ಕಿನ ಪಕ್ಕದಲ್ಲಿ ಸಾರ್ವಜನಿಕ ಭೂಮಿಯನ್ನು ಗುತ್ತಿಗೆಗೆ ಪಡೆದು ಕ್ರೀಡಾಂಗಣ ಕಟ್ಟಬಹುದೇ? ಪಂದ್ಯದ ದಿನ ಸರಕಾರದ ಪೊಲೀಸರು ಬಂದು ಕಾವಲು ನಿಲ್ಲುವರೇ? ಕೊಡುಗೆ ಪಡೆಯುವಾಗ ನಾಡಿನ ಸಂಸ್ಥೆ, ಲೆಕ್ಕ ಕೇಳಿದಾಗ ಖಾಸಗಿ ಸಂಘ ಎಂಬ ಎರಡು ನಾಲಿಗೆ ಸಲ್ಲದು.

ಈ ರೋಗ ಕರ್ನಾಟಕದ್ದು ಮಾತ್ರವಲ್ಲ. 2013ರ ಐ.ಪಿ.ಎಲ್. ಹಗರಣದ ನಂತರ ಸುಪ್ರೀಂ ಕೋರ್ಟು 2015ರಲ್ಲಿ ನ್ಯಾಯಮೂರ್ತಿ ಲೋಧಾ ಸಮಿತಿಯನ್ನು ನೇಮಿಸಿತು. ಮಂತ್ರಿಗಳು, ಸರಕಾರಿ ನೌಕರರು ಪದಾಧಿಕಾರಿಗಳಾಗಕೂಡದು. ಎಪ್ಪತ್ತು ದಾಟಿದವರು ಇಳಿಯಬೇಕು. ಒಬ್ಬನೇ ಕುರ್ಚಿಗೆ ಅಂಟಿಕೊಳ್ಳದಂತೆ ಮಧ್ಯದಲ್ಲಿ ಬಿಡುವು ಕೊಡಬೇಕು. ಇಂಥ ಶಿಫಾರಸುಗಳನ್ನು ಸಮಿತಿ ಮಾಡಿತು. ಕೋರ್ಟು 2016ರ ಜುಲೈ 18ರಂದು ಬಹುಪಾಲು ಒಪ್ಪಿತು. ಮುಂದೆ 2018ರಲ್ಲಿ ಸ್ವಲ್ಪ, 2022ರಲ್ಲಿ ಮತ್ತಷ್ಟು ಸಡಿಲವಾಯಿತು. ಮಾಹಿತಿ ಹಕ್ಕಿನ ಕಥೆಯೂ ಹಾಗೆಯೇ. ಕಾನೂನು ಆಯೋಗ 2018ರಲ್ಲಿ ಭಾರತೀಯ ಮಂಡಳಿಯನ್ನು ಮಾಹಿತಿ ಹಕ್ಕಿನ ಕೆಳಗೆ ತರಬೇಕೆಂದಿತು. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಮಸೂದೆ ಮೊದಲು ಬಂದಾಗ ಮಾನ್ಯತೆ ಪಡೆದ ಎಲ್ಲ ಕ್ರೀಡಾ ಸಂಸ್ಥೆಗಳೂ ಮಾಹಿತಿ ಹಕ್ಕಿಗೆ ಒಳಪಡುವವೆಂದಿತ್ತು. ಕಾಯಿದೆಯಾಗುವ ಹೊತ್ತಿಗೆ, ಸರಕಾರದ ಹಣ ಪಡೆಯುವ ಸಂಸ್ಥೆಗಳು ಮಾತ್ರ ಎಂದಾಯಿತು. ಕಬಡ್ಡಿ, ಕುಸ್ತಿಯ ಬಡ ಸಂಸ್ಥೆಗಳು ಲೆಕ್ಕ ತೋರಿಸಬೇಕು, ಎಲ್ಲಕ್ಕಿಂತ ಶ್ರೀಮಂತವಾದ ಕ್ರಿಕೆಟ್ ಮಂಡಳಿ ತೋರಿಸಬೇಕಾಗಿಲ್ಲ! ಅಂಗಡಿಯ ಪ್ರತಿಯೊಂದು ಬಿಲ್ಲಿಗೂ ಜಿ.ಎಸ್.ಟಿ. ಲೆಕ್ಕ ಕೊಡುವ ವ್ಯಾಪಾರಿಗೆ ಈ ನ್ಯಾಯ ಹೇಗೆ ಕಾಣುತ್ತದೆ?

ಕಾಯಿದೆ ಬಲವಂತ ಮಾಡಲಿಲ್ಲವೆಂದ ಮಾತ್ರಕ್ಕೆ ಬಾಗಿಲು ಮುಚ್ಚಬೇಕೆಂದೇನೂ ಇಲ್ಲ. ಹೊಸ ಆಡಳಿತಕ್ಕೆ ಮನಸ್ಸಿದ್ದರೆ ತಾನಾಗಿಯೇ ತೆರೆಯಬಹುದು.

ನಮ್ಮ ಬೇಡಿಕೆ, ನಮ್ಮ ಕೆಲಸ

ಸಂಸ್ಥೆಯ ಹೊಸ ಆಡಳಿತದ ಮುಂದೆ ನಾವು ಇಡುವ ಬೇಡಿಕೆಗಳು ನಾಲ್ಕೇ. ಮೊದಲನೆಯದು, ವರ್ಷಕ್ಕೊಮ್ಮೆ ಜಿಲ್ಲಾವಾರು ಖರ್ಚಿನ ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಬೇಕು: ವಿಜಯಪುರಕ್ಕೆ ಎಷ್ಟು, ಯಾದಗಿರಿಗೆ ಎಷ್ಟು, ಬೆಂಗಳೂರಿಗೆ ಎಷ್ಟು ಎಂದು. ಎರಡನೆಯದು, ಪ್ರತಿ ತಾಲ್ಲೂಕಿಗೂ ಒಂದು ಚಾಪೆಯ ಪಿಚ್ಚು, ಸಾಮಾನು, ಹುಡುಗರಿಗೂ ಹುಡುಗಿಯರಿಗೂ ತರಬೇತಿಯ ಏರ್ಪಾಡು. ಮೂರನೆಯದು, ಹದಿನಾಲ್ಕು ಮತ್ತು ಹದಿನಾರು ವರ್ಷದೊಳಗಿನವರ ಆಯ್ಕೆಗೆ ಆಯ್ಕೆಗಾರರೇ ತಾಲ್ಲೂಕಿಗೆ ಬರಬೇಕು. ಆಯ್ಕೆಯಾದ ಬಡ ಮಕ್ಕಳಿಗೂ ಜತೆಗೆ ಬರುವ ಒಬ್ಬ ಪಾಲಕರಿಗೂ ಬಸ್ಸಿನ ಚಾರ್ಜು, ಊಟ, ವಸತಿ ಕೊಡಬೇಕು. ನಾಲ್ಕನೆಯದು, ಆಯೋಗದ ವರದಿಯಂತೆ ಕ್ರೀಡಾಂಗಣದ ಬಾಗಿಲುಗಳೂ ದಾರಿಗಳೂ ಸರಿಯಾಗುವ ತನಕ ದೊಡ್ಡ ಸಂದಣಿಯನ್ನು ಅಲ್ಲಿಗೆ ಕರೆಯಕೂಡದು. ಸರಿಯಾದ ಮೇಲೂ ಬಾಗಿಲಿನ ಹೊಣೆ ತನ್ನದೆಂದು ಸಂಸ್ಥೆ ಬರವಣಿಗೆಯಲ್ಲಿ ಒಪ್ಪಬೇಕು.

ಕೇಳುವುದರ ಜತೆಗೆ ಮಾಡುವುದೂ ಇದೆ. ಊರೂರಿನ ಹುಡುಗರು ತಂಡ ಕಟ್ಟುತ್ತಾರೆ, ಒಂದು ಟೂರ್ನಮೆಂಟು ಮುಗಿದೊಡನೆ ತಂಡ ಚದುರುತ್ತದೆ. ಹೆಸರಿಲ್ಲದ, ದಾಖಲೆಯಿಲ್ಲದ ತಂಡದ ಅರ್ಜಿಯನ್ನು ಯಾವ ಕಚೇರಿಯೂ ಓದುವುದಿಲ್ಲ. ತಂಗಡಗಿ, ನಾಲತವಾಡ, ತಾಳಿಕೋಟೆ, ಮುದ್ದೇಬಿಹಾಳದ ಹುಡುಗರು ತಮ್ಮ ತಂಡಗಳನ್ನು ಸಂಘಗಳಾಗಿ ನೋಂದಾಯಿಸಲಿ, ಸಭೆಯ ನಡವಳಿ ಬರೆದಿಡಲಿ, ಲೆಕ್ಕದ ಪುಸ್ತಕ ಇಡಲಿ. ವ್ಯಾಪಾರಿಗಳು ಕಪ್ಪಿನ ಮೇಲೆ ತಮ್ಮ ಹೆಸರು ಕೆತ್ತಿಸುವ ಬದಲು ಪ್ಯಾಡು ಹೆಲ್ಮೆಟ್ಟು ಕೊಡಿಸಲಿ, ಲೆಕ್ಕ ಬರೆಯಲು ಹುಡುಗರಿಗೆ ಕಲಿಸಲಿ. ಕಾರ್ಮಿಕ ಸಂಘಗಳು ತಮ್ಮ ಸದಸ್ಯರ ಹೆಣ್ಣುಮಕ್ಕಳನ್ನೂ ಮೈದಾನಕ್ಕೆ ಕಳಿಸುವ ಧೈರ್ಯ ಮಾಡಲಿ. ಗ್ರಾಮ ಪಂಚಾಯತಿಗಳು ಸಾಲೆಯ ಬಯಲನ್ನು ಒತ್ತುವರಿಯಾಗಲು ಬಿಡದೆ ಉಳಿಸಿಕೊಡಲಿ. ಹೀಗೆ ಕೆಳಗಿನಿಂದ ಒತ್ತಾಯ ಬಂದರೆ ಮೇಲಿನವರು ಬಹಳ ದಿನ ಕಿವುಡರಾಗಿರಲಾರರು.

ತಂಗಡಗಿ ಶರಣೆ ನೀಲಮ್ಮನವರ ಐಕ್ಯಸ್ಥಳ. ಕೂಡಲಸಂಗಮಕ್ಕೆ ಹತ್ತಿರದ ಊರು. ದುಡಿದು ಗಳಿಸಿದ್ದನ್ನು ಕೂಡಿಡದೆ ಎಲ್ಲರಿಗೆ ಹಂಚಬೇಕೆಂಬ ದಾಸೋಹದ ಮಾತು ಈ ನೆಲದವರಿಗೆ ಹೊಸದಾಗಿ ಹೇಳಬೇಕಾದುದಲ್ಲ. ಕ್ರಿಕೆಟ್ ಸಂಸ್ಥೆಯ ಕಣಜಕ್ಕೆ ಹೋಗಿರುವುದು ಕೋಟ್ಯಂತರ ಜನರ ಕಾಸು, ಕೋಟ್ಯಂತರ ಜನರ ಪ್ರೀತಿ. ಅದು ಹೊರಟ ಕಡೆಗೆ ಮರಳಬೇಕು. ಆಟ ಆಡಿ ಬಂದವರೇ ಈಗ ಆಡಳಿತದಲ್ಲಿ ಕೂತಿದ್ದಾರೆ. ಅವರಿಗೆ ಮೈದಾನದ ಕಷ್ಟ ಗೊತ್ತು. ಮೈದಾನವೇ ಇಲ್ಲದವರ ಕಷ್ಟವನ್ನೂ ಅವರು ತಿಳಿಯಬೇಕು. ಬೆಂಗಳೂರಿನ ದೀಪದ ಕೆಳಗೆ ದೊಡ್ಡ ಪಂದ್ಯ ಮರಳಿ ಬಂದಿತೆಂದು ಅವರು ಹೇಳಿದ ದಿನ, ತಂಗಡಗಿಯ ಸಾಲೆಯ ಬಯಲಿಗೆ ಚಾಪೆ ಬಂದಿತೇ ಎಂದು ನಾವು ಕೇಳುತ್ತೇವೆ. ಉತ್ತರ ಬರುವ ತನಕ ಕೇಳುತ್ತಲೇ ಇರುತ್ತೇವೆ.